ನಮ್ಮೋರಲ್ಲೇ ಒಂದು ಹೆಣ್ಣು

ಮಾಗಡಿ, ಕುಣಿಗಲ್ ಸೀಮೆಯ ಊರುಗಳಲ್ಲಿ ಇವತ್ತಿಗೂ ಮೈಸೂರು ತಳಿಯ ರೇಷ್ಮೆ ಹುಳುವನ್ನು ಬಿತ್ತನೆಗೆಂದೇ ಸಾಕುತ್ತಾರೆ. ಅದರ ಗೂಡು ಸಣ್ಣದು, ಹಸಿರು ಬೆರೆತ ಹಳದಿ ಬಣ್ಣದ್ದು, ತುದಿ ಚೂಪು. ಆ ಗೂಡು ನೂಲು ಬಿಚ್ಚುವವರ ಕೈಗೆ ಹೋಗುವುದಿಲ್ಲ, ಬಿತ್ತನೆ ಕೋಠಿಗೆ ಹೋಗುತ್ತದೆ. ಬೆಳಗಿನ ಜಾವ ಚಿಟ್ಟೆಗಳು ಗೂಡು ತೂತು ಮಾಡಿಕೊಂಡು ಹೊರಗೆ ಬರುವ ಹೊತ್ತಿಗೆ ಕೋಠಿಯ ಕೆಲಸದವರು ಸಿದ್ಧವಾಗಿರುತ್ತಾರೆ. ಹೊಟ್ಟೆ ದಪ್ಪಗಿದ್ದು ಕೂತಲ್ಲೇ ಕೂರುವ ಹೆಣ್ಣು ಚಿಟ್ಟೆ ಒಂದು ತಟ್ಟೆಗೆ, ರೆಕ್ಕೆ ಬಡಿಯುತ್ತ ಗಿರಗಿರನೆ ಸುತ್ತುವ ಗಂಡು ಇನ್ನೊಂದು ತಟ್ಟೆಗೆ. ಒಂದೇ ತಳಿಯ ಗಂಡು ಹೆಣ್ಣು ಕೂಡದಂತೆ ನೋಡಿಕೊಳ್ಳುವುದೇ ಅಲ್ಲಿಯ ಮುಖ್ಯ ಕೆಲಸ. ಮೈಸೂರು ತಳಿಯ ಹೆಣ್ಣಿಗೆ ಬಿಳಿ ಗೂಡು ಕಟ್ಟುವ ದ್ವಿತಳಿಯ ಗಂಡನ್ನು ಜೋಡಿ ಮಾಡುತ್ತಾರೆ. ಕೆಲವು ಗಂಟೆ ಕಳೆದ ಮೇಲೆ ಬಿಡಿಸಿ, ಹೆಣ್ಣನ್ನು ಮೊಟ್ಟೆ ಇಡಲು ಬಿಡುತ್ತಾರೆ. ಆಮೇಲೆ ತಾಯಿ ಚಿಟ್ಟೆಯನ್ನು ಅರೆದು, ಗಂಟುರೋಗವಿದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಇದು 1860ರ ದಶಕದಲ್ಲಿ ಲೂಯಿ ಪಾಶ್ಚರ್ ಫ್ರಾನ್ಸಿನ ರೇಷ್ಮೆಗಾರರಿಗೆ ಕಲಿಸಿಕೊಟ್ಟ ಪರೀಕ್ಷೆ. ತಾಯಿಗೆ ರೋಗವಿದ್ದರೆ ಅದರ ಮೊಟ್ಟೆಯನ್ನೆಲ್ಲ ಸುಟ್ಟುಬಿಡುತ್ತಾರೆ.

ಹೀಗೆ ಹುಟ್ಟಿದ ಮಿಶ್ರತಳಿಯ ಹುಳುವೇ ರಾಮನಗರದ ಗೂಡಿನ ಮಾರುಕಟ್ಟೆಯನ್ನು ಬಹುಕಾಲ ತುಂಬಿಸಿದ್ದು. ತಾಯಿ ಕಡೆಯಿಂದ ಇಲ್ಲಿಯ ಬಿಸಿಲು, ಕಾಯಿಲೆ ತಡೆಯುವ ಗಟ್ಟಿತನ ಬಂತು. ತಂದೆ ಕಡೆಯಿಂದ ಉದ್ದ ಎಳೆ ಬಂತು. ಬೇರೆ ಬೇರೆ ತಳಿಯನ್ನು ಬೆರೆಸಿ ಮೊದಲ ಪೀಳಿಗೆಯನ್ನೇ ರೈತರಿಗೆ ಕೊಡಬೇಕೆಂದು 20ನೇ ಶತಮಾನದ ಮೊದಲ ದಶಕದಲ್ಲಿ ಹೇಳಿದವರು ಜಪಾನಿನ ತೊಯಾಮಾ ಕಾಮೆತಾರೊ. ಮೆಂಡಲ್ ಬಟಾಣಿಯಲ್ಲಿ ಕಂಡ ನಿಯಮಗಳು ರೇಷ್ಮೆ ಹುಳುವಿನಲ್ಲೂ ನಡೆಯುತ್ತವೆ ಎಂದು ತೋರಿಸಿಕೊಟ್ಟವರೂ ಅವರೇ. 1910ರ ದಶಕದಲ್ಲಿ ಮೈಸೂರು ಸಂಸ್ಥಾನ ಇಟಲಿಯ ತಜ್ಞ ವಾಷಿಂಗ್ಟನ್ ಮಾರಿಯವರನ್ನು ಕರೆಸಿ ಚನ್ನಪಟ್ಟಣದಲ್ಲಿ ರೇಷ್ಮೆ ಫಾರಂ ತೆರೆಯಿತು. ಹಾಗಾಗಿ ತಂದೆ ತಾಯಿ ಬೇರೆ ಬೇರೆ ಮೂಲದವರಾದರೆ ಮಕ್ಕಳು ಗಟ್ಟಿ ಎನ್ನುವ ತಿಳುವಳಿಕೆ ಈ ಸೀಮೆಯ ರೈತರಿಗೆ ಹೊಸದಲ್ಲ. ಪ್ರತಿ ಬೆಳೆಗೂ ದುಡ್ಡು ಕೊಟ್ಟು ಮೊಟ್ಟೆ ತರುವುದೇ ಅದಕ್ಕಾಗಿ.

ಆದರೆ ಅದೇ ಮನೆಯ ಮಗನಿಗೆ ಹೆಣ್ಣು ನೋಡುವಾಗ ಮೊದಲು ಬರುವ ಮಾತು, ‘ನಮ್ಮೋರಲ್ಲೇ ನೋಡಿ’. ಅಕ್ಕನ ಮನೆಯಲ್ಲಿ ಹೆಣ್ಣಿದ್ದರೆ ಹೊರಗೆ ಯಾಕೆ ಹೋಗಬೇಕು ಎನ್ನುವುದು ಮೊನ್ನೆ ಮೊನ್ನೆಯವರೆಗೂ ಯಾರೂ ಪ್ರಶ್ನೆ ಮಾಡದ ಮಾತಾಗಿತ್ತು. ಹುಳುವಿನ ವಿಷಯದಲ್ಲಿ ಇರುವ ಎಚ್ಚರ ಮಕ್ಕಳ ವಿಷಯದಲ್ಲಿ ಇಲ್ಲ ಎಂದು ಇದನ್ನು ತಳ್ಳಿಹಾಕಿದರೆ ತಪ್ಪಾಗುತ್ತದೆ. ಹುಳುವಿನಿಂದ ನಾವು ಕೇಳುವುದು ನೂಲು ಮಾತ್ರ. ಮದುವೆಯಿಂದ ಕೇಳುವುದು ಆಸರೆ, ಆಸ್ತಿ, ಮುಪ್ಪಿನಲ್ಲಿ ಒಂದು ತುತ್ತು ಅನ್ನ, ಹೋದ ಮನೆಯಲ್ಲಿ ಮಗಳಿಗೆ ಮರ್ಯಾದೆ. ಗಂಡ ಹೆಂಡತಿ ಒಂದೇ ಥರದವರಾಗಿರಬೇಕು ಎನ್ನುವಾಗ ಯಾವುದರಲ್ಲಿ ಒಂದೇ ಥರ ಎಂದು ಕೇಳಲೇಬೇಕು. ರಕ್ತದಲ್ಲಿ ಒಂದಾಗುವುದು ಬೇರೆ, ಅಂತಸ್ತಿನಲ್ಲಿ ಸಮನಾಗುವುದು ಬೇರೆ, ಗುಣದಲ್ಲಿ ಹೋಲುವುದು ಬೇರೆ. ಒಂದೊಂದೂ ಸಂಸಾರದ ಮೇಲೆ ಮಾಡುವ ಪರಿಣಾಮ ಇನ್ನೊಂದರ ಪರಿಣಾಮಕ್ಕೆ ತಾಳೆಯಾಗುವುದಿಲ್ಲ. ಇವನ್ನೆಲ್ಲ ‘ನಮ್ಮೋರು’ ಎಂಬ ಒಂದೇ ಮಾತಿನಲ್ಲಿ ಕಟ್ಟಿಹಾಕಿರುವುದರಿಂದ ತುಂಬಾ ಹಾನಿಯಾಗಿದೆ ಎಂದೇ ನನ್ನ ನಂಬಿಕೆ.

ರಕ್ತದ ಮಾತು ಮೊದಲು. ನಮ್ಮಲ್ಲಿ ಯಾರು ಯಾರಿಗೆ ಹೆಣ್ಣು ಕೊಡಬಹುದು ಎಂದು ತೀರ್ಮಾನಿಸುವುದು ವರಸೆ. ಸೋದರಮಾವನ ಮಗಳು, ಸೋದರತ್ತೆಯ ಮಗಳು, ಅಕ್ಕನ ಮಗಳು, ಇವರು ವರಸೆಯಾಗುತ್ತಾರೆ. ದೊಡ್ಡಪ್ಪ ಚಿಕ್ಕಪ್ಪನ ಮಗಳು, ದೊಡ್ಡಮ್ಮ ಚಿಕ್ಕಮ್ಮನ ಮಗಳು ಅಕ್ಕತಂಗಿಯರ ಸಮಾನ. ಅವರನ್ನು ಮದುವೆಯಾಗುವ ಮಾತನ್ನು ಬಾಯಲ್ಲಿ ಆಡುವಂತೆಯೂ ಇಲ್ಲ. ತಳಿವಿಜ್ಞಾನಕ್ಕೆ ಈ ಭೇದ ಕಾಣುವುದಿಲ್ಲ. ಸೋದರಮಾವನ ಮಗಳೂ ಚಿಕ್ಕಪ್ಪನ ಮಗಳೂ ನನ್ನೊಂದಿಗೆ ಹಂಚಿಕೊಳ್ಳುವ ವಂಶವಾಹಿಗಳು ಸರಾಸರಿ ಎಂಟನೇ ಒಂದು ಪಾಲು, ಎರಡೂ ಕಡೆ ಅಷ್ಟೇ. ಅಕ್ಕನ ಮಗಳಾದರೆ ಇನ್ನೂ ಹತ್ತಿರ, ನಾಲ್ಕನೇ ಒಂದು ಪಾಲು. ಗೋತ್ರ, ಬೆಡಗು ನೋಡಿ ‘ಒಂದೇ ಆಗಬಾರದು’ ಎಂದು ಹಿರಿಯರು ಹಾಕಿದ ಬೇಲಿ ಗಂಡುಮಕ್ಕಳ ಕಡೆಯಿಂದ ಇಳಿದು ಬಂದ ನಂಟನ್ನು ಮಾತ್ರ ತಡೆಯುತ್ತದೆ. ತಾಯಿಯ ಕಡೆಯಿಂದ ಅದೇ ರಕ್ತ ಮನೆಗೆ ಬಂದರೆ ಬೇಲಿಗೆ ಗೊತ್ತಾಗುವುದಿಲ್ಲ. ‘ನಾವು ಗೋತ್ರ ನೋಡಿಯೇ ಮಾಡಿದ್ದು’ ಎಂದು ಎಷ್ಟೋ ಮನೆಯವರು ವೈದ್ಯರ ಮುಂದೆ ಹೇಳುವುದುಂಟು. ಅವರು ಸುಳ್ಳು ಹೇಳುತ್ತಿಲ್ಲ. ಆ ಲೆಕ್ಕವೇ ಅರ್ಧದ್ದು.

ಅಪಾಯ ಎಲ್ಲಿಂದ ಬರುತ್ತದೆ? ನಮ್ಮ ಬಹುಪಾಲು ವಂಶವಾಹಿಗಳು ಜೋಡಿಯಾಗಿ ಇರುತ್ತವೆ, ಒಂದು ಅಪ್ಪನದು, ಒಂದು ಅಮ್ಮನದು. ಮನೆ ಬೀಗಕ್ಕೆ ಎರಡು ಕೀಲಿಕೈ ಇದ್ದ ಹಾಗೆ, ಒಂದು ಸವೆದರೂ ಇನ್ನೊಂದರಿಂದ ಬಾಗಿಲು ತೆಗೆಯುತ್ತದೆ. ಹೀಗೆ ಸವೆದ ಒಂದೆರಡು ಪ್ರತಿ ಆರೋಗ್ಯವಂತರಾದ ಹೆಚ್ಚುಕಡಿಮೆ ಎಲ್ಲರಲ್ಲೂ ಇರುತ್ತವೆ, ಯಾರಿಗೂ ಗೊತ್ತಿರುವುದಿಲ್ಲ. ಅಜ್ಜಿಯೊಬ್ಬಳಲ್ಲಿ ಇದ್ದ ಅಂಥ ಒಂದು ದೋಷ ಮಗನಿಗೂ ಮಗಳಿಗೂ ಹೋಗಿ, ಅಲ್ಲಿಂದ ಮೊಮ್ಮಗ ಮೊಮ್ಮಗಳಿಗೂ ಇಳಿದು, ಆ ಮೊಮ್ಮಕ್ಕಳೇ ಮದುವೆಯಾದರೆ ಎರಡು ಸವೆದ ಪ್ರತಿಗಳೂ ಒಂದೇ ಮಗುವಿನಲ್ಲಿ ಸೇರುವ ಸಂಭವ ಏರುತ್ತದೆ. ಯಾವುದೇ ಒಂದು ವಂಶವಾಹಿಯ ಎರಡೂ ಪ್ರತಿಗಳು ಒಬ್ಬರೇ ಪೂರ್ವಿಕರಿಂದ ಬಂದಿರುವ ಸಂಭವ, ಸೋದರತ್ತೆ ಸೋದರಮಾವನ ಮಕ್ಕಳ ಮದುವೆಯಲ್ಲಿ ಹುಟ್ಟಿದ ಮಗುವಿಗೆ 16ರಲ್ಲಿ 1. ಅಕ್ಕನ ಮಗಳನ್ನು ಮದುವೆಯಾದರೆ 8ರಲ್ಲಿ 1. ತಲೆಮಾರುಗಟ್ಟಲೆ ಕೊಡುವುದು ತರುವುದು ಅದೇ ಎರಡು ಮನೆಗಳ ನಡುವೆ ನಡೆದಿದ್ದರೆ ಲೆಕ್ಕ ಇದಕ್ಕಿಂತ ಮೇಲೇರುತ್ತದೆ.

ಇದನ್ನು ಅಳೆದು ನೋಡಿದ ಕೆಲಸ ನಮ್ಮ ಪಕ್ಕದಲ್ಲೇ ನಡೆಯಿತು. 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್, ಅವರ ಜೊತೆ ರಾಧಾ ರಮಾದೇವಿ, ಬ್ರಿಟನ್ನಿನ ಆಲನ್ ಬಿಟಲ್ಸ್ ಮತ್ತಿತರರು ಕರ್ನಾಟಕದ ಹೆರಿಗೆ ಆಸ್ಪತ್ರೆಗಳಲ್ಲಿ ಹುಟ್ಟಿದ ಒಂದು ಲಕ್ಷಕ್ಕೂ ಹೆಚ್ಚು ಕೂಸುಗಳ ರಕ್ತವನ್ನು ಅಮೈನೊ ಆಮ್ಲದ ಏರುಪೇರಿಗಾಗಿ ಪರೀಕ್ಷಿಸಿದರು. ಜೊತೆಗೆ ಅಪ್ಪ ಅಮ್ಮ ಮದುವೆಗೆ ಮುಂಚೆ ಸಂಬಂಧಿಕರಾಗಿದ್ದರೇ ಎಂದೂ ಕೇಳಿ ಬರೆದುಕೊಂಡರು. ಬೆಂಗಳೂರು ಮತ್ತು ಮೈಸೂರು, ಅಂದರೆ ರಾಮನಗರ ಚನ್ನಪಟ್ಟಣದ ರಸ್ತೆಯ ಎರಡು ತುದಿಗಳಲ್ಲಿ, ಆ ದಶಕದ ಮದುವೆಗಳಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಪಾಲು ಒಳಸಂಬಂಧಗಳಾಗಿದ್ದವು. ಹಿಂದೂಗಳಲ್ಲಿ ಐದಕ್ಕೆ ಒಂದರಷ್ಟು ಅಕ್ಕನ ಮಗಳ ಜೊತೆಗಿನ ಮದುವೆ. ಮುಸ್ಲಿಮರಲ್ಲಿ ಅದು ನಿಷಿದ್ಧ, ಅವರಲ್ಲಿ ಅಣ್ಣತಮ್ಮ ಅಕ್ಕತಂಗಿಯರ ಮಕ್ಕಳ ನಡುವಿನ ಮದುವೆಯೇ ಹೆಚ್ಚು. ಅಪರೂಪದ ಚಯಾಪಚಯ ರೋಗಗಳು ಒಳಸಂಬಂಧದ ಮಕ್ಕಳಲ್ಲಿ ಹೆಚ್ಚಾಗಿ ಕಂಡವು. ಲೋಕದ ಬೇರೆ ಬೇರೆ ಕಡೆಯ ಅಂಕಿಗಳನ್ನು ಒಟ್ಟು ಹಾಕಿ ಬಿಟಲ್ಸ್ ಮುಂದೆ ಕೊಟ್ಟ ಅಂದಾಜಿನಂತೆ, ಸೋದರ ಸಂಬಂಧದ ದಂಪತಿಗಳ ಮಕ್ಕಳು ಪ್ರಾಯಕ್ಕೆ ಬರುವ ಮುಂಚೆ ಸಾಯುವ ಪ್ರಮಾಣ ಉಳಿದವರಿಗಿಂತ ನೂರು ಮಕ್ಕಳಿಗೆ ಮೂರೂವರೆಯಿಂದ ನಾಲ್ಕೂವರೆಯಷ್ಟು ಹೆಚ್ಚು.

ಈ ಸಂಖ್ಯೆಯನ್ನು ಎರಡು ಥರ ಓದಬಹುದು, ಎರಡನ್ನೂ ಓದಬೇಕು. ಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಬಹುಪಾಲು ಮಂದಿ ಆರೋಗ್ಯವಾಗಿಯೇ ಬೆಳೆಯುತ್ತಾರೆ. ತಮಿಳುನಾಡಿನ ವೆಲ್ಲೂರಿನ ಸುತ್ತ 1970ರ ದಶಕದಲ್ಲಿ ಪಿ. ಎಸ್. ಎಸ್. ರಾವ್ ಮತ್ತು ಎಸ್. ಜಿ. ಇನ್ಬರಾಜ್ ನಡೆಸಿದ ದೊಡ್ಡ ಸಮೀಕ್ಷೆಗಳಲ್ಲಿ ಹೇಳಿಕೊಳ್ಳುವಂಥ ಹಾನಿ ಕಾಣಲಿಲ್ಲ. ಎಷ್ಟೋ ತಲೆಮಾರು ಒಳಗೊಳಗೇ ಮದುವೆಯಾಗುತ್ತ ಬಂದುದರಿಂದ ಕೆಟ್ಟ ವಂಶವಾಹಿಗಳು ಆಗಲೇ ಸೋಸಿ ಹೋಗಿರಬಹುದೇ ಎಂದು ಕೆಲವರು ವಾದಿಸಿದರು. ಕರ್ನಾಟಕದ ಕೂಸುಗಳ ರಕ್ತ ಆ ವಾದಕ್ಕೆ ಪೂರ್ತಿ ಒತ್ತಾಸೆ ಕೊಡಲಿಲ್ಲ. ಇನ್ನೊಂದು ಓದು ಮನೆಯ ಒಳಗಿನದು. ಆ ನೂರಕ್ಕೆ ನಾಲ್ಕರಲ್ಲಿ ತಮ್ಮ ಮಗು ಇದ್ದ ಅಪ್ಪ ಅಮ್ಮನಿಗೆ ಉಳಿದ ತೊಂಬತ್ತಾರರಿಂದ ಸಮಾಧಾನವಾಗುವುದಿಲ್ಲ. ಕಿವಿ ಕೇಳದ ಕೂಸು, ಕಣ್ಣು ಮಂದವಾಗುತ್ತ ಹೋಗುವ ಹುಡುಗ, ಹಾಲು ಕುಡಿದ ಕೆಲವೇ ದಿನಕ್ಕೆ ಮಂಕಾಗುವ ಶಿಶು ಇದ್ದ ಮನೆಯಲ್ಲಿ ಬೈಗುಳ ಕೇಳುವವಳು ತಾಯಿ. ಎರಡೂ ಪ್ರತಿ ಸವೆದಾಗ ಬರುವ ಇಂಥ ಕಾಯಿಲೆ ತಂದೆಯದೂ ಒಂದು ಪ್ರತಿ ಸೇರದೆ ಬರುವುದೇ ಇಲ್ಲ ಎನ್ನುವುದನ್ನು ಪ್ರತಿ ಹಳ್ಳಿಯ ಆರೋಗ್ಯ ಕೇಂದ್ರದಲ್ಲೂ ಗಟ್ಟಿಯಾಗಿ ಹೇಳಬೇಕು.

ಒಳಸಂಬಂಧ ಇಷ್ಟು ಕಾಲ ಬಾಳಿದ್ದು ಬರಿಯ ಅಜ್ಞಾನದಿಂದ ಅಲ್ಲ. 1983ರಲ್ಲಿ ಟಿಮ್ ಡೈಸನ್ ಮತ್ತು ಮಿಕ್ ಮೂರ್ ಎಂಬ ಇಬ್ಬರು ಬರೆದ ಪ್ರಬಂಧವೊಂದು ಉತ್ತರ ಮತ್ತು ದಕ್ಷಿಣ ಭಾರತದ ನಂಟಸ್ತನವನ್ನು ಪಕ್ಕ ಪಕ್ಕ ಇಟ್ಟು ನೋಡಿತು. ಉತ್ತರದಲ್ಲಿ ಹುಡುಗಿ ಗುರುತು ಪರಿಚಯವಿಲ್ಲದ ದೂರದ ಊರಿಗೆ ಹೋಗುತ್ತಾಳೆ, ತವರಿನ ನಂಟು ತೆಳುವಾಗುತ್ತದೆ. ದಕ್ಷಿಣದಲ್ಲಿ ಹತ್ತಿರದ ಊರು, ತಿಳಿದ ಮನೆ. ಹೆಂಗಸಿನ ಮಾತಿಗೆ ಮನೆಯಲ್ಲಿ ಬೆಲೆ, ಹೆತ್ತ ಮಕ್ಕಳ ಉಳಿವು, ಹೆರುವ ಮಕ್ಕಳ ಸಂಖ್ಯೆ, ಇವೆಲ್ಲದರಲ್ಲೂ ದಕ್ಷಿಣ ಮುಂದಿರುವುದಕ್ಕೆ ಈ ನಂಟಸ್ತನವೂ ಒಂದು ಕಾರಣ ಎಂದು ಅವರು ವಾದಿಸಿದರು. ಕನಕಪುರದ ಕಡೆಯ ಹಳ್ಳಿಯ ಒಬ್ಬ ತಾಯಿ ಮಗಳನ್ನು ತನ್ನ ತಮ್ಮನಿಗೇ ಕೊಡುವಾಗ ಲೆಕ್ಕ ಹಾಕುವುದೂ ಇದನ್ನೇ. ಅತ್ತೆಯಾಗುವವಳು ತನ್ನ ಹೆತ್ತ ತಾಯಿ, ಮಗಳನ್ನು ಎತ್ತಿ ಆಡಿಸಿದವಳು. ಬಾಣಂತನದಲ್ಲಿ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಹೊಲ ಹೊರಗಿನವರ ಪಾಲಾಗುವುದಿಲ್ಲ, ವರದಕ್ಷಿಣೆಯ ಚೌಕಾಸಿ ಮೃದುವಾಗುತ್ತದೆ. 1955ರ ಹಿಂದೂ ವಿವಾಹ ಕಾಯ್ದೆ ಸೋದರಮಾವ–ಸೋದರಸೊಸೆಯ ಇಂಥ ಮದುವೆಯನ್ನು ನಿಷಿದ್ಧ ಸಂಬಂಧಗಳ ಪಟ್ಟಿಗೆ ಸೇರಿಸಿದರೂ, ರೂಢಿಯಲ್ಲಿ ಇದ್ದರೆ ನಡೆಯುತ್ತದೆ ಎಂದು ಬಾಗಿಲು ತೆರೆದಿಟ್ಟಿತು.

ಆದರೆ ಆ ತಾಯಿಯ ಲೆಕ್ಕದಲ್ಲಿ ಮಗಳ ಮಾತು ಸೇರಿರುತ್ತಿರಲಿಲ್ಲ. ಹುಟ್ಟಿದ ದಿನವೇ ‘ನಿನ್ನ ಹೆಂಡ್ತಿ ಬಂದಳು ನೋಡೋ’ ಎಂದು ಹತ್ತು ಹನ್ನೆರಡು ವರ್ಷದ ಸೋದರಮಾವನಿಗೆ ಹೇಳಿದ ಮೇಲೆ ಆ ಹುಡುಗಿಗೆ ಬೇಡ ಎನ್ನಲು ದಾರಿ ಎಲ್ಲಿ? ಮನಸ್ತಾಪವಾದರೆ ತವರಿಗೆ ಹೋಗಬಹುದು ಎನ್ನುವುದೂ ಎಲ್ಲ ಸಲ ನಿಜವಾಗುವುದಿಲ್ಲ. ಗಂಡನ ಮನೆಯೂ ತವರೂ ಒಂದೇ ಆದಾಗ ದೂರು ಹೇಳಲು ಇನ್ನೊಂದು ಮನೆ ಉಳಿಯುವುದಿಲ್ಲ. ಗಂಡನ ಮೇಲೆ ದೂರು ಕೊಟ್ಟರೆ ಅಮ್ಮನ ತಮ್ಮನ ಮೇಲೆ ಕೊಟ್ಟಂತೆ. ಆಸರೆಗೆಂದು ಮಾಡಿದ ಸಂಬಂಧ ಬಾಯಿ ಕಟ್ಟುವ ಸಂಬಂಧವೂ ಆಗಬಲ್ಲದು.

ರೂಢಿ ಕರಗುತ್ತಿದೆ, ನಿಂತಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರವೂ ಕರ್ನಾಟಕದ ವಿವಾಹಿತೆಯರಲ್ಲಿ ಸುಮಾರು ನಾಲ್ವರಿಗೆ ಒಬ್ಬರು ಸಂಬಂಧದಲ್ಲೇ ಮದುವೆಯಾದವರು, ದೇಶದ ಸರಾಸರಿಯ ಎರಡು ಪಟ್ಟಿಗಿಂತ ಹೆಚ್ಚು. ಅವರಿಗೆ ಈಗ ಬೇಕಾಗಿರುವುದು ಬೈಗುಳವಲ್ಲ. ಬಸಿರಿಗೆ ಮುಂಚೆ ಎರಡೂ ಕಡೆಯ ಮೂರು ತಲೆಮಾರಿನ ಕಾಯಿಲೆ ಕಸಾಲೆಯ ವಿವರವನ್ನು ವೈದ್ಯರ ಮುಂದೆ ಬಿಚ್ಚಿಡುವುದು, ಎಳೆಯದರಲ್ಲೇ ಸತ್ತ ಕೂಸುಗಳನ್ನು ಮರೆಮಾಚದೆ ಹೇಳುವುದು, ಮಗು ಹುಟ್ಟಿದ ಮೊದಲ ವಾರದಲ್ಲೇ ಕಿವಿ ಮತ್ತು ರಕ್ತದ ಪರೀಕ್ಷೆ ಮಾಡಿಸುವುದು. ಬೇಗ ಗೊತ್ತಾದರೆ ಔಷಧಿಯಿಂದಲೋ ಪಥ್ಯದಿಂದಲೋ ಮಗುವಿನ ಬುದ್ಧಿ, ಜೀವ ಉಳಿಸಬಹುದಾದ ಕಾಯಿಲೆಗಳು ಇವುಗಳಲ್ಲಿ ಹಲವಿವೆ.

ಹೊರಗಿನ ಸಂಬಂಧ ಎಂದು ನಾವು ಕರೆಯುವುದು ಎಷ್ಟು ಹೊರಗಿನದು ಎಂಬ ಪ್ರಶ್ನೆಯೂ ಇದೆ. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಕೇಂದ್ರದ ಕುಮಾರಸ್ವಾಮಿ ತಂಗರಾಜ್, ಅಮೆರಿಕದ ಡೇವಿಡ್ ರೈಕ್ ಮತ್ತು ಸಂಗಡಿಗರು 2017ರಲ್ಲಿ ದಕ್ಷಿಣ ಏಷ್ಯಾದ 263 ಸಮುದಾಯಗಳ ಡಿಎನ್‌ಎ ಹೋಲಿಸಿ ನೋಡಿದರು. ಅವುಗಳಲ್ಲಿ 81 ಸಮುದಾಯಗಳು ಹಿಂದೊಮ್ಮೆ ಕೆಲವೇ ಪೂರ್ವಿಕರಿಂದ ಹೊರಟು, ಆಮೇಲೆ ತಮ್ಮೊಳಗೇ ಮದುವೆಯಾಗುತ್ತ ಬೆಳೆದಂಥವು. ಅವುಗಳ ಇಕ್ಕಟ್ಟು, ವಂಶಪಾರಂಪರ್ಯ ರೋಗಗಳ ಅಧ್ಯಯನದಲ್ಲಿ ಹೆಸರಾದ ಅಷ್ಕೆನಾಜಿ ಯಹೂದಿಗಳು ಮತ್ತು ಫಿನ್‌ಲೆಂಡಿನವರಿಗಿಂತಲೂ ಹೆಚ್ಚು. ಹತ್ತು ಲಕ್ಷಕ್ಕೂ ಮೀರಿ ಜನರಿರುವ ಸಮುದಾಯಗಳೂ ಆ 81ರಲ್ಲಿವೆ. ಜಾತಿಯೊಳಗೆ ಎಷ್ಟು ದೂರ ಹೋದರೂ ಒಂದು ಅದೃಶ್ಯ ನಂಟು ಹಿಂದೆಯೇ ಬರುತ್ತದೆ ಎಂದಾಯಿತು. ಅಂತರ್ಜಾತಿ ಮದುವೆಗಳು ದೇಶದಲ್ಲಿ ನೂರಕ್ಕೆ ಐದರ ಆಸುಪಾಸು. ಜಾತಿ ದಾಟಿದ ಪ್ರೀತಿಗೆ ಮನೆಯವರೇ ಮಗಳನ್ನು ಕೊಂದ ಸುದ್ದಿ ಮಾಗಡಿ ತಾಲ್ಲೂಕಿನಿಂದಲೂ ಬಂದಿದೆ. ಹೋಲಿಕೆಯನ್ನು ಕೊಲೆ ಮಾಡಿ ಕಾಪಾಡಬೇಕಾದ ಸ್ಥಿತಿ ಬಂದಿದೆಯೆಂದರೆ, ಅದು ಸಂಸಾರದ ಒಳಿತಿಗಾಗಿ ಉಳಿದಿಲ್ಲ ಎಂದೇ ಅರ್ಥ.

ಇನ್ನು ಗುಣ, ಅಭಿರುಚಿ, ಓದು. ಕಾರ್ಲ್ ಪಿಯರ್ಸನ್ ಮತ್ತು ಆಲಿಸ್ ಲೀ 1903ರಲ್ಲಿ ಇಂಗ್ಲೆಂಡಿನ ದಂಪತಿಗಳ ಎತ್ತರ ಅಳೆದು, ಉದ್ದನೆಯ ಗಂಡಸರಿಗೆ ಉದ್ದನೆಯ ಹೆಂಡತಿಯರು ಸಿಗುವ ಒಲವು ಸಣ್ಣದಾದರೂ ನಿಜ ಎಂದು ತೋರಿಸಿದರು. ಏನೇನೂ ನಂಟಿಲ್ಲದಿದ್ದರೆ 0, ಪೂರ್ತಿ ತಾಳೆಯಾದರೆ 1 ಎಂಬ ಅಳತೆಯಲ್ಲಿ ಅದು 0.28 ಬಂತು. 120 ವರ್ಷದ ನಂತರ, 2023ರಲ್ಲಿ, ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದವರು ಇಂಥ 199 ಅಧ್ಯಯನಗಳನ್ನು ಒಟ್ಟುಗೂಡಿಸಿದರು. ರಾಜಕೀಯ ನಿಲುವಿನಲ್ಲಿ ದಂಪತಿಗಳ ಹೋಲಿಕೆ 0.58, ಓದಿನಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ಜನರೊಂದಿಗೆ ಬೆರೆಯುವ ಸ್ವಭಾವದಲ್ಲಿ ಬರಿಯ 0.08. ಮಾತುಗಾರನಿಗೆ ಮೌನಿ ಸಿಗುತ್ತಾಳೋ ಮಾತುಗಾರ್ತಿ ಸಿಗುತ್ತಾಳೋ ಅದೃಷ್ಟದ ಮಾತು. ಆದರೆ ಪದವೀಧರನಿಗೆ ಪದವೀಧರೆಯೇ ಸಿಗುವ ಸಂಭವ ಬಹಳ. ಇದು ಅವರವರೇ ಆರಿಸಿಕೊಂಡು ಮದುವೆಯಾಗುವ ದೇಶಗಳ ಚಿತ್ರ. ನಮ್ಮಲ್ಲಿ ಆರಿಸುವವರು ಅಪ್ಪ ಅಮ್ಮ, ಸೋದರಮಾವ, ಮದುವೆ ಬ್ರೋಕರ್. ಅವರ ಕಣ್ಣಿಗೆ ಬೀಳುವುದು ಜಾತಿ, ಜಮೀನು, ನೌಕರಿ, ಬಣ್ಣ, ಜಾತಕ. ಹುಡುಗ ಸಿಟ್ಟು ಬಂದಾಗ ಏನು ಮಾಡುತ್ತಾನೆ ಎಂದು ಹೆಣ್ಣು ನೋಡುವ ದಿನ ಕೇಳಿದವರು ಕಡಿಮೆ.

ಬಾಳುತ್ತ ಬಾಳುತ್ತ ಗಂಡ ಹೆಂಡತಿಯ ಮುಖ ಒಂದೇ ಥರ ಆಗುತ್ತದೆ ಎಂಬ ಮಾತು ನಮ್ಮಲ್ಲೂ ಇದೆ. 1987ರಲ್ಲಿ ರಾಬರ್ಟ್ ಜಯೋಂಕ್ ಎಂಬ ಮನೋವಿಜ್ಞಾನಿ 12 ದಂಪತಿಗಳ ಹಳೆಯ ಹೊಸ ಚಿತ್ರಗಳನ್ನಿಟ್ಟು ಹೌದು ಎಂದಿದ್ದರು. 2020ರಲ್ಲಿ 517 ದಂಪತಿಗಳ ಚಿತ್ರಗಳನ್ನು ನೋಡಿದ ಅಧ್ಯಯನಕ್ಕೆ ಅದು ಕಾಣಲಿಲ್ಲ. ಮುಖ ಮೊದಲೇ ಸ್ವಲ್ಪ ಹೋಲುತ್ತಿತ್ತು, ಆಮೇಲೆ ಹೆಚ್ಚಲಿಲ್ಲ. ನಿಜಕ್ಕೂ ಇಬ್ಬರಿಗೂ ಒಟ್ಟಿಗೆ ಬರುವುದು ಕಾಯಿಲೆ. ಮಧ್ಯವಯಸ್ಸು ದಾಟಿದ ದಂಪತಿಗಳ ರಕ್ತದೊತ್ತಡವನ್ನು ನಾಲ್ಕು ದೇಶಗಳಲ್ಲಿ ಹೋಲಿಸಿದ 2023ರ ಅಧ್ಯಯನದಲ್ಲಿ, ಭಾರತದ ಐದು ಜೋಡಿಗೆ ಒಂದರಲ್ಲಿ ಇಬ್ಬರಿಗೂ ಅಧಿಕ ರಕ್ತದೊತ್ತಡವಿತ್ತು. ಗಂಡನಿಗೆ ಬಿಪಿ ಇದ್ದರೆ ಹೆಂಡತಿಗೂ ಇರುವ ಸಂಭವ, ಇಲ್ಲದವರ ಹೆಂಡತಿಯರಿಗಿಂತ ನೂರಕ್ಕೆ 19ರಷ್ಟು ಹೆಚ್ಚು. ಒಂದೇ ಒಲೆ, ಒಂದೇ ಉಪ್ಪು, ಒಂದೇ ಸಾಲದ ಚಿಂತೆ. ಒಬ್ಬರನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ಇನ್ನೊಬ್ಬರ ಬಿಪಿಯನ್ನೂ ನೋಡಿಸುವುದು ಖರ್ಚಿಲ್ಲದ ಕೆಲಸ.

ಗುಣ ಹೋಲಿದರೆ ಸಂಸಾರ ಸುಖವಾಗಿರುತ್ತದೆಯೇ? 1950ರ ದಶಕದಲ್ಲಿ ಅಮೆರಿಕದ ರಾಬರ್ಟ್ ವಿಂಚ್ ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬುವ ಜೋಡಿಯೇ ಬಾಳುತ್ತದೆ ಎಂದರು. 1960ರ ದಶಕದಲ್ಲಿ ಡಾನ್ ಬರ್ನ್ ಪ್ರಯೋಗಾಲಯದಲ್ಲಿ ತದ್ವಿರುದ್ಧವಾದುದನ್ನು ಕಂಡರು, ನಮ್ಮ ಅಭಿಪ್ರಾಯವೇ ಇರುವವರು ನಮಗೆ ಇಷ್ಟವಾಗುತ್ತಾರೆ ಎಂದರು. ಇಬ್ಬರ ವಾದಕ್ಕೂ ಆಮೇಲೆ ಬಂದ ದೊಡ್ಡ ಅಂಕಿಗಳು ಪೂರ್ತಿ ಒಪ್ಪಿಗೆ ಕೊಡಲಿಲ್ಲ. ಆಸ್ಟ್ರೇಲಿಯಾ, ಬ್ರಿಟನ್, ಜರ್ಮನಿಯ ಸಾವಿರಾರು ದಂಪತಿಗಳನ್ನು ನೋಡಿದ 2010ರ ಅಧ್ಯಯನವೊಂದರಲ್ಲಿ, ಇಬ್ಬರ ಸ್ವಭಾವ ಹೋಲುವುದರಿಂದ ಸುಖದ ಏರಿಳಿತ ವಿವರಿಸಲು ಸಾಧ್ಯವಾದದ್ದು ಶೇಕಡಾ ಅರ್ಧಕ್ಕಿಂತ ಕಡಿಮೆ. ಒಬ್ಬೊಬ್ಬರ ಸ್ವಂತ ಗುಣಕ್ಕೆ ಅದಕ್ಕಿಂತ ಎಷ್ಟೋ ಹೆಚ್ಚು ತೂಕವಿತ್ತು. ಇಬ್ಬರು ಸಿಡುಕರು ಹೋಲುತ್ತಾರೆಂದು ಸುಖವಾಗಿರುವುದಿಲ್ಲ. 2008ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಜರಡಿ ಹಿಡಿದ ಇನ್ನೊಂದು ತಂಡಕ್ಕೆ ಕಂಡಿದ್ದು ಹೀಗೆ: ಈಗಾಗಲೇ ಕೂಡಿ ಬಾಳುತ್ತಿರುವವರಲ್ಲಿ ನಿಜವಾದ ಹೋಲಿಕೆ ಲೆಕ್ಕಕ್ಕೆ ಬರುವುದಿಲ್ಲ, ‘ನಾವಿಬ್ಬರೂ ಒಂದೇ ಥರ’ ಎಂಬ ಅನಿಸಿಕೆ ಬರುತ್ತದೆ. 2020ರಲ್ಲಿ ಸಮಂತಾ ಜೋಯಲ್ ಮತ್ತು ಸಂಗಡಿಗರು 11,196 ಜೋಡಿಗಳ ವಿವರವನ್ನು ಕಂಪ್ಯೂಟರಿಗೆ ಉಣಿಸಿ, ಸುಖವನ್ನು ಮುಂಗಾಣುವುದು ಯಾವುದು ಎಂದು ಹುಡುಕಿದರು. ಸಂಗಾತಿ ಕೈಬಿಡುವುದಿಲ್ಲ ಎಂಬ ಭರವಸೆ, ಸಂಗಾತಿಯ ಬಗ್ಗೆ ಮೆಚ್ಚುಗೆಯ ಭಾವ, ದೈಹಿಕ ಸಾಮೀಪ್ಯದ ತೃಪ್ತಿ, ಜಗಳ, ಇವು ಮೇಲೆ ಬಂದವು.

ರೇಷ್ಮೆ ಸಾಕುವ ಮನೆಯಲ್ಲಿ ಇದನ್ನು ಕಣ್ಣಾರೆ ನೋಡಬಹುದು. ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ಹೊತ್ತಿನ ಮಂಪರು, ಮುಗಿಸಿ ಎದ್ದ ಮೇಲೆ ಹುಳು ತಿನ್ನುವುದಕ್ಕೆ ಮಿತಿಯಿಲ್ಲ, ಸೊಪ್ಪು ಕಡಿಯುವ ಸದ್ದು ಮಳೆ ಬಂದಂತೆ ಕೇಳುತ್ತದೆ. ಹಣ್ಣಾಗುವ ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಮೈ ಕನ್ನಡಿಯಂತಾಗಿ ತಲೆ ಎತ್ತಿ ಆಡಿಸುವ ಹುಳುವನ್ನು ಒಂದೊಂದಾಗಿ ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು. ತಡವಾದರೆ ಹಾಸಿಗೆಯಲ್ಲೇ ನೂಲು ಉಗುಳಿ ಹಾಳು ಮಾಡುತ್ತದೆ. ಹೆಂಡತಿಯ ಕೈ ಚುರುಕು, ಆರಿಸುವುದು ಅವಳದು. ಚಂದ್ರಿಕೆ ಎತ್ತಿ ಗಾಳಿ ಬರುವ ಕಡೆ ಒರಗಿಸುವುದು, ಸೊಪ್ಪು ಸಾಲದೆ ಹೋದರೆ ನಡುರಾತ್ರಿ ಪಕ್ಕದ ತೋಟದವರನ್ನು ಎಬ್ಬಿಸುವುದು ಗಂಡನದು. ಒಬ್ಬರು ಮಾತಿನ ಮಲ್ಲ, ಇನ್ನೊಬ್ಬರು ಮೂಗ ಬಸವ ಆಗಿರಬಹುದು, ಗೂಡಿಗೆ ಅದರಿಂದ ಏನೂ ಆಗುವುದಿಲ್ಲ. ಆದರೆ ಗೂಡು ಮಾರಿದ ದುಡ್ಡು ಅವನ ಖಾತೆಗೆ ಮಾತ್ರ ಬಿದ್ದು, ಎಷ್ಟು ಬಂತು ಎಂದು ಕೇಳುವ ಹಕ್ಕೂ ಅವಳಿಗೆ ಇಲ್ಲವಾದರೆ ಆ ರಾತ್ರಿಯ ಜೊತೆಗಾರಿಕೆ ಎಲ್ಲಿ ಹೋಯಿತು? ಸ್ವಭಾವದ ಅಂತರಕ್ಕಿಂತ ಈ ಅಂತರ ಸಂಸಾರವನ್ನು ಹೆಚ್ಚು ಸುಡುತ್ತದೆ.

ಅಂತಸ್ತಿನ ವಿಷಯದಲ್ಲಂತೂ ಕರ್ನಾಟಕದಲ್ಲೇ ನಡೆದ ಕೆಲಸ ಇದನ್ನು ಕಠೋರವಾಗಿ ತೋರಿಸಿದೆ. ಜಾನ್ ಕಾಲ್ಡ್‌ವೆಲ್, ಪಿ. ಎಚ್. ರೆಡ್ಡಿ, ಪ್ಯಾಟ್ ಕಾಲ್ಡ್‌ವೆಲ್ ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ 1983ರಲ್ಲಿ ಬರೆದರು: ಹಿಂದೆ ಗಂಡಿನ ಕಡೆಯವರೇ ಹೆಣ್ಣಿಗೆ ತೆರ ಕೊಡುತ್ತಿದ್ದ ಜಾತಿಗಳಲ್ಲೂ ಒಂದೆರಡು ತಲೆಮಾರಿನಲ್ಲಿ ವರದಕ್ಷಿಣೆ ಬಂದು ಕೂತಿತು. ಓದಿ ಸಂಬಳದ ಕೆಲಸ ಹಿಡಿದ ಗಂಡುಗಳಿಗಾಗಿ ಪೈಪೋಟಿ ಹೆಚ್ಚಿದ್ದು ಇದಕ್ಕೆ ಒಂದು ಕಾರಣ. 2002ರಲ್ಲಿ ಫ್ರಾನ್ಸಿಸ್ ಬ್ಲಾಕ್ ಮತ್ತು ವಿಜಯೇಂದ್ರ ರಾವ್ ಕರ್ನಾಟಕದ ಮೂರು ಹಳ್ಳಿಗಳ ಕುಂಬಾರ ಕುಟುಂಬಗಳ ಅಧ್ಯಯನ ಪ್ರಕಟಿಸಿದರು. ಸ್ಥಿತಿವಂತರ ಮನೆಯಿಂದ ಬಂದ ಹೆಂಡತಿಯೇ ಹೊಡೆತ ತಿನ್ನುವ ಸಂಭವ ಹೆಚ್ಚು, ಏಕೆಂದರೆ ತವರಿನಿಂದ ಇನ್ನಷ್ಟು ಕೀಳಲು ಆ ಹೊಡೆತವನ್ನು ಗಂಡ ಬಳಸುತ್ತಾನೆ. ಮಗಳು ಸುಖವಾಗಿರಲಿ ಎಂದು ಹೆಚ್ಚು ಕೊಟ್ಟು ಕಳಿಸುವ ಅಪ್ಪಂದಿರು ಓದಲೇಬೇಕಾದ ಅಧ್ಯಯನವಿದು. ಬೆಂಗಳೂರಿನ ಬಡ ಬಡಾವಣೆಗಳ ಎಳೆಯ ಗೃಹಿಣಿಯರನ್ನು ಹಿಂಬಾಲಿಸಿದ ಇನ್ನೊಂದು ಅಧ್ಯಯನ 2010ರಲ್ಲಿ ಬಂತು. ಕೆಲಸವಿಲ್ಲದವಳು ಹೊಸದಾಗಿ ದುಡಿಯಲು ಹೊರಟಾಗ, ಗಂಡನ ಕೆಲಸ ಕೈತಪ್ಪಿದಾಗ ಹಿಂಸೆಯ ಅಪಾಯ ಏರಿತು. ಬೆಳಗ್ಗೆ ಗಾರ್ಮೆಂಟ್ಸ್ ವ್ಯಾನ್ ಹತ್ತುವ ಹೆಂಗಸರಿರುವ ಬಿಡದಿ, ರಾಮನಗರದ ಮನೆಗಳಲ್ಲಿ ಈ ಮಾತು ಅಪರಿಚಿತವಲ್ಲ. ಅಲ್ಲಿ ಕೆಡುವುದು ಅವಳ ಸಂಬಳದಿಂದ ಅಲ್ಲ, ಗಂಡಸು ಮೇಲೆಯೇ ಇರಬೇಕೆಂಬ ಹಟದಿಂದ.

ಆ ಹಟಕ್ಕೆ ಈಗ ದೊಡ್ಡ ಪರೀಕ್ಷೆ ಬಂದಿದೆ. ಗಂಡು ಹೆಣ್ಣಿಗಿಂತ ಒಂದು ಮೆಟ್ಟಿಲು ಮೇಲಿರಬೇಕು ಎಂಬ ಹಳೆಯ ನಿಯಮಕ್ಕೆ ಹೆಣ್ಣುಮಕ್ಕಳು ಓದಿನಲ್ಲಿ ಮುಂದೆ ಹೋದ ಮೇಲೆ ಲೆಕ್ಕ ಕೂಡುತ್ತಿಲ್ಲ. 2023ರ ಫೆಬ್ರವರಿಯಲ್ಲಿ ಹೆಣ್ಣು ಸಿಗದ ಮೂವತ್ತು ದಾಟಿದ ಯುವಕರು ಪಕ್ಕದ ಮಂಡ್ಯ ಜಿಲ್ಲೆಯ ಕೆ. ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಬ್ರಹ್ಮಚಾರಿಗಳ ಪಾದಯಾತ್ರೆ ಹೊರಟರು. ಅದೇ ವರ್ಷದ ಚುನಾವಣೆಯಲ್ಲಿ ಚನ್ನಪಟ್ಟಣದ ಶಾಸಕರಾಗಿದ್ದ ಎಚ್. ಡಿ. ಕುಮಾರಸ್ವಾಮಿ, ರೈತನ ಮಗನನ್ನು ಮದುವೆಯಾಗುವ ಹುಡುಗಿಗೆ 2 ಲಕ್ಷ ರೂಪಾಯಿ ಕೊಡುವ ಭರವಸೆ ಕೊಟ್ಟರು. ಡಿಗ್ರಿ ಮುಗಿಸಿದ ಹುಡುಗಿ ಹತ್ತನೇ ತರಗತಿ ಓದಿ ನಾಲ್ಕು ಎಕರೆ ಹಿಪ್ಪುನೇರಳೆ ನೋಡಿಕೊಳ್ಳುವ ಹುಡುಗನನ್ನು ಬೇಡ ಎನ್ನುವುದಕ್ಕೆ ದುಡ್ಡೊಂದೇ ಕಾರಣವಲ್ಲ. ಅವಳು ತನ್ನ ತಾಯಿ ಬೆಳಗಿನ ನಾಲ್ಕಕ್ಕೆ ಎದ್ದು ಸಗಣಿ ಬಾಚಿದ್ದನ್ನು ನೋಡಿದ್ದಾಳೆ, ಆ ತಾಯಿಯ ಹೆಸರು ಪಹಣಿಯಲ್ಲಿ ಇಲ್ಲದ್ದನ್ನೂ ನೋಡಿದ್ದಾಳೆ.

ಓದಿನ ಅಂತರ ಸಂಸಾರ ಒಡೆಯಲೇಬೇಕೆಂದಿಲ್ಲ. ಅಮೆರಿಕದಲ್ಲಿ ಹೆಂಡತಿ ಗಂಡನಿಗಿಂತ ಹೆಚ್ಚು ಓದಿದ್ದ ಮದುವೆಗಳು ಒಂದು ಕಾಲಕ್ಕೆ ಹೆಚ್ಚಾಗಿ ಮುರಿಯುತ್ತಿದ್ದವು. ಕ್ರಿಸ್ಟೀನ್ ಶ್ವಾರ್ಟ್ಜ್ ಮತ್ತು ಹಾನ್ 2014ರಲ್ಲಿ ಲೆಕ್ಕ ಹಾಕಿದಾಗ, 1990ರ ದಶಕದಿಂದ ಈಚೆಗಿನ ಮದುವೆಗಳಲ್ಲಿ ಆ ಹೆಚ್ಚುವರಿ ಅಪಾಯ ಮಾಯವಾಗಿತ್ತು. ಅಂತರ ಹಾಗೆಯೇ ಇತ್ತು, ಅಂಥ ಮದುವೆ ಸಾಮಾನ್ಯವಾಗಿತ್ತು. ತನಗಿಂತ ಕಡಿಮೆ ಓದಿದವನನ್ನು ಮದುವೆಯಾಗುವ ಹೆಂಗಸರು ಭಾರತದಲ್ಲೂ ಹೆಚ್ಚುತ್ತಿದ್ದಾರೆ ಎಂದು ಸೋನಾಲ್ದೆ ದೇಸಾಯಿ ಮತ್ತು ಸಂಗಡಿಗರು 2020ರಲ್ಲಿ ತೋರಿಸಿದ್ದಾರೆ. ಆದರೂ ಜಾತಿಯ ಗೆರೆ ಅಲ್ಲಾಡಿಲ್ಲ, ಜಮೀನಿನ ಪತ್ರ ಯಾರ ಹೆಸರಿಗೆ ಎಂಬುದೂ ಬಹುತೇಕ ಹಾಗೆಯೇ ಇದೆ. ಹೆಣ್ಣು ಕೇಳಲು ಹೋಗುವ ಮನೆಯವರು ಸೊಸೆಯ ಹೆಸರನ್ನೂ ಪಹಣಿಗೆ ಸೇರಿಸುತ್ತೇವೆ, ಗೂಡಿನ ದುಡ್ಡು ಇಬ್ಬರ ಖಾತೆಗೂ ಹೋಗುತ್ತದೆ ಎಂದು ಒಂದು ಮಾತು ಹೇಳಿದರೆ ಎಷ್ಟು ಹುಡುಗಿಯರು ಒಪ್ಪುತ್ತಾರೆ ಎಂಬುದನ್ನು ಈ ಸೀಮೆಯಲ್ಲೇ ಪ್ರಯತ್ನಿಸಿ ನೋಡಬಹುದು.